ಉಣಗೋಲು ಹಾಕದೆ ಹೋದವರು

ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯವರಿಗೆ ಉಣಗೋಲು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬಯಲುಸೀಮೆಯ ಬ್ಲಾಗಿಗ ಮಿತ್ರರಿಗಾಗಿ ಎರಡು ಸಾಲು: ಬೇಲಿಯ ನಡುವೆ ಕಾಲುದಾರಿ ಹಾಯುವ ಕಡೆ, ಎರಡೂ ಬದಿಗೆ ತೂತು ಕೊರೆದ ಕಂಬ ಹುಗಿದು, ಆ ತೂತುಗಳಲ್ಲಿ ಮೂರೋ ನಾಲ್ಕೋ ಬಿದಿರಿನ ಗಳಗಳನ್ನು ಅಡ್ಡಕ್ಕೆ ತೂರಿಸಿಡುತ್ತಾರೆ. ಅದೇ ಉಣಗೋಲು. ಮನುಷ್ಯ ಗಳ ಸರಿಸಿ ದಾಟಿ ಮತ್ತೆ ಎಳೆದಿಡಬೇಕು. ದನಕ್ಕೆ ಸರಿಸಲು ಬರುವುದಿಲ್ಲ (ಬರುವ ಕಳ್ಳ ದನಗಳೂ ಇರುತ್ತವೆ, ಆ ಕತೆ ಇನ್ನೊಮ್ಮೆ).

ಭಂಡಿಗಡಿಯಲ್ಲಿ ನಾನು ಶಾಲೆಗೆ ಹೋಗುತ್ತಿದ್ದ ಒಳದಾರಿಯಲ್ಲಿ ಇಂಥವು ಮೂರು ಇದ್ದವು. ಸಂಜೆ ಮನೆಗೆ ಬಂದ ಕೂಡಲೇ ಅಜ್ಜಯ್ಯ ಕೇಳುತ್ತಿದ್ದದ್ದು ಪಾಠದ ವಿಷಯ ಅಲ್ಲ. "ಉಣಗೋಲು ಹಾಕಿ ಬಂದ್ಯನಾ?" ಅಷ್ಟೇ. ನನಗೆ ಆಗ ವಿಚಿತ್ರ ಅನಿಸುತ್ತಿತ್ತು. ಯಾಕೆಂದರೆ ಆ ಮೂರರಲ್ಲಿ ಒಂದೂ ನಮ್ಮ ಗದ್ದೆಯದ್ದಲ್ಲ. ನಾನು ತೆಗೆದಿಟ್ಟು ಬಂದರೆ ದನ ನುಗ್ಗುವುದು ಬೇರೆಯವರ ಸಸಿಮಡಿಗೆ. ನಮಗೇನು ನಷ್ಟ?

ಈ ಪ್ರಶ್ನೆ ಮತ್ತೆ ಎದುರಾಗಿದ್ದು ಇಂಜಿನಿಯರಿಂಗ್ ಮುಗಿಸಿ ನೆಟ್‌ವರ್ಕ್ ಕೆಲಸಕ್ಕೆ ಸೇರಿದ ಮೇಲೆ. ಅಂತರ್ಜಾಲದ ದೊಡ್ಡ ದೊಡ್ಡ ಜಾಲಗಳ ನಡುವೆಯೂ ಉಣಗೋಲುಗಳಿವೆ. ಅವಕ್ಕೆ ಪ್ರಿಫಿಕ್ಸ್ ಲಿಸ್ಟ್ ಅಂತ ಹೆಸರು. ಅವನ್ನು ಹಾಕದೆ ಹೋದವರಿಂದ ಏನೇನು ಆಗಿದೆ ಅನ್ನುವುದಕ್ಕೆ ಮೂವತ್ತು ವರ್ಷದ ಇತಿಹಾಸವೇ ಇದೆ. ಕನ್ನಡದಲ್ಲಿ ಇದನ್ನು ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಹಾಗಾಗಿ ಈ ಬರಹ. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಕೂತುಕೊಳ್ಳಿ :-)

ಮೊದಲು ಪ್ರಿಫಿಕ್ಸ್ ಅಂದರೆ ಏನು ಅಂತ ನೋಡೋಣ. ಇದಕ್ಕೆ ನಮ್ಮ ಪಿನ್ ಕೋಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕೊಪ್ಪಕ್ಕೆ 577126, ಎನ್.ಆರ್.ಪುರಕ್ಕೆ 577134, ಶೃಂಗೇರಿಗೆ 577139. ಮೂರರಲ್ಲೂ ಮೊದಲ ಮೂರು ಅಂಕಿ ಒಂದೇ. ದೆಹಲಿಯಲ್ಲಿ ಕಾಗದ ವಿಂಗಡಿಸುವವನಿಗೆ ಕೊಪ್ಪ ಎಲ್ಲಿದೆ ಅಂತ ಗೊತ್ತಿರಬೇಕಾಗಿಲ್ಲ. 5 ಅಂದರೆ ದಕ್ಷಿಣಕ್ಕೆ, 57 ಅಂದರೆ ಕರ್ನಾಟಕಕ್ಕೆ, 577 ಅಂದರೆ ನಮ್ಮ ಸೀಮೆಗೆ. ಹತ್ತಿರ ಬಂದಂತೆಲ್ಲ ಮುಂದಿನ ಅಂಕಿ ನೋಡಿದರೆ ಸಾಕು. (ಈ ವ್ಯವಸ್ಥೆ 1972ರ ಆಗಸ್ಟ್ 15ರಂದು ಶುರುವಾಯಿತು. ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್, ಸಂಸ್ಕೃತ ಕವಿ! ಕವಿಗಳಿಗೆ ಲೆಕ್ಕ ಬರುವುದಿಲ್ಲ ಅನ್ನುವವರು ಗಮನಿಸಿ.)

ಅಂತರ್ಜಾಲದ ವಿಳಾಸಗಳೂ ಹೀಗೇ. ಪ್ರತಿ ವಿಳಾಸಕ್ಕೆ 32 ಬಿಟ್‌ಗಳು. "ಮೊದಲ 22 ಬಿಟ್ ಹೀಗಿರುವ ವಿಳಾಸಗಳೆಲ್ಲ ನಮ್ಮ ಮನೆಯವು" ಅಂತ ಒಂದು ಜಾಲ ಪಕ್ಕದ ಜಾಲಕ್ಕೆ ಹೇಳುತ್ತದೆ. ಅದನ್ನು /22 ಅಂತ ಬರೆಯುತ್ತಾರೆ. ಅದರಲ್ಲಿ 1024 ವಿಳಾಸಗಳಿರುತ್ತವೆ. /24 ಅಂದರೆ ಇನ್ನೂ ಚಿಕ್ಕದು, 256. ಪಕ್ಕದವನು ಅದನ್ನು ತನ್ನ ಪಕ್ಕದವನಿಗೆ ಹೇಳುತ್ತಾನೆ, ಅವನು ಇನ್ನೊಬ್ಬನಿಗೆ... ಹೀಗೆ ಬಾಯಿಂದ ಬಾಯಿಗೆ ಸುದ್ದಿ ಹರಡಿ ಇಡೀ ಪ್ರಪಂಚಕ್ಕೆ ದಾರಿ ಗೊತ್ತಾಗುತ್ತದೆ. ಈ ಮಾತುಕತೆಯ ಭಾಷೆಗೆ ಬಿಜಿಪಿ ಅಂತ ಹೆಸರು. (ಬಿಜೆಪಿ ಅಲ್ಲ ಮಾರಾಯ್ರೆ, ಬಿಜಿಪಿ. ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್. ಮನೆಯಲ್ಲಿ ನನ್ನ ಕೆಲಸ ಏನು ಅಂತ ವಿವರಿಸಲು ಹೋಗಿ ಒಮ್ಮೆ ಪೇಚಿಗೆ ಸಿಕ್ಕಿದ್ದೆ.)

ಪಿನ್ ಕೋಡಿಗೂ ಇದಕ್ಕೂ ಒಂದೇ ಒಂದು ವ್ಯತ್ಯಾಸ, ಆದರೆ ಕತೆಯೆಲ್ಲ ಅದರಲ್ಲೇ ಇದೆ. ಪಿನ್ ಕೋಡಿಗೆ ಒಬ್ಬ ಯಜಮಾನ ಇದ್ದಾನೆ, ಅಂಚೆ ಇಲಾಖೆ. ಯಾರೋ ಬೆಂಗಳೂರಿನಲ್ಲಿ ಕೂತು "577126 ಇನ್ನು ಮೇಲೆ ನಮ್ಮ ಬೀದಿಯದ್ದು" ಅಂತ ಬೋರ್ಡು ಹಾಕಿದರೆ ಅಂಚೆಯಣ್ಣ ನಗುತ್ತಾನೆ. ಬಿಜಿಪಿಯಲ್ಲಿ ನಗುವವರು ಯಾರೂ ಇಲ್ಲ. ಹೇಳಿದ್ದನ್ನು ಪಕ್ಕದವನು ನಂಬುತ್ತಾನೆ. ಸಾಲದ್ದಕ್ಕೆ ಒಂದು ನಿಯಮ ಬೇರೆ: ಹೆಚ್ಚು ನಿಖರವಾಗಿ ಹೇಳಿದವನೇ ಗೆಲ್ಲುತ್ತಾನೆ. ಒಬ್ಬ "577 ನಮ್ಮದು" ಅಂದು ಇನ್ನೊಬ್ಬ "577126 ನಮ್ಮದು" ಅಂದರೆ ಕೊಪ್ಪದ ಕಾಗದಗಳೆಲ್ಲ ಎರಡನೆಯವನ ಮನೆಗೆ. ಅವನು ಸುಳ್ಳು ಹೇಳಿದ್ದರೂ ಸರಿ, ಕೈತಪ್ಪಿ ಟೈಪ್ ಮಾಡಿದ್ದರೂ ಸರಿ.

ಇಷ್ಟು ಮುಗ್ಧವಾದ ವ್ಯವಸ್ಥೆಯನ್ನು ಯಾರು ಮಾಡಿದರು ಅಂತ ಕೇಳಬಹುದು. 1989ರ ಜನವರಿ, ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಐಇಟಿಎಫ್ ಸಭೆ. ಊಟದ ಹೊತ್ತಿನಲ್ಲಿ ಐಬಿಎಂನ ಯಾಕೋವ್ ರೆಖ್ಟರ್ ಮತ್ತು ಸಿಸ್ಕೋದ ಕರ್ಕ್ ಲೋಹೀಡ್ ಕೈ ಒರೆಸುವ ಕಾಗದದ ಮೇಲೆ ಗೀಚಿದ್ದು ಇದರ ಮೊದಲ ರೂಪ. ಅದೇ ವರ್ಷ ಜೂನ್‌ನಲ್ಲಿ ಆರ್‌ಎಫ್‌ಸಿ 1105 ಅಂತ ಪ್ರಕಟವಾಯಿತು. ಅವರನ್ನು ಬೈಯುವುದು ಸುಲಭ, ಆದರೆ ನನಗೆ ಮನಸ್ಸಿಲ್ಲ. ಆಗಿನ ಜಾಲ ಅಂದರೆ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು, ಒಬ್ಬರಿಗೊಬ್ಬರು ಪರಿಚಯ ಇರುವ ಕೆಲವು ನೂರು ಮಂದಿ. ನಮ್ಮಲ್ಲೂ ಅಷ್ಟೇ. 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಲ್ಲಿ ಇದ್ದದ್ದು ಎಂಟು ಸಂಸ್ಥೆಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಊರಲ್ಲಿ ಎಂಟೇ ಮನೆ ಇದ್ದಾಗ ಯಾರ ದನ ಯಾರ ಗದ್ದೆಗೆ ಹೋಯಿತು ಅಂತ ಕೂಗಿ ಹೇಳಿದರೆ ಮುಗಿಯಿತು.

ಆದರೆ ಇತಿಹಾಸ ಓದುವಾಗ ನನಗೆ ಆಶ್ಚರ್ಯ ಆಗಿದ್ದು ಬೇರೆ ವಿಷಯ. "ಮೊದಲು ಬೇಲಿ ಇರಲಿಲ್ಲ, ಆಮೇಲೆ ಬುದ್ಧಿ ಬಂದು ಹಾಕಿದರು" ಅಂತ ನಾನು ಅಂದುಕೊಂಡಿದ್ದೆ. ನಿಜ ಅದರ ತದ್ವಿರುದ್ಧ. ಮೊದಲೇ ಬೇಲಿ ಇತ್ತು!

1988ರಿಂದ ಅಮೆರಿಕದ ಜಾಲದ ಬೆನ್ನೆಲುಬಾಗಿದ್ದದ್ದು ಎನ್‌ಎಸ್‌ಎಫ್‌ನೆಟ್. ಅದನ್ನು ನಡೆಸುತ್ತಿದ್ದದ್ದು ಮಿಷಿಗನ್‌ನ ಮೆರಿಟ್ ಅನ್ನುವ ಸಂಸ್ಥೆ. ಅವರ ಹತ್ತಿರ ಒಂದು ದಫ್ತರ ಇತ್ತು: ಯಾವ ಪ್ರಾದೇಶಿಕ ಜಾಲದಿಂದ ಯಾವ ಯಾವ ವಿಳಾಸಗಳ ಸುದ್ದಿ ಬರಬಹುದು ಅನ್ನುವ ಪಟ್ಟಿ. ಪಟ್ಟಿಯಲ್ಲಿ ಇದ್ದರೆ ಒಳಗೆ, ಇಲ್ಲದಿದ್ದರೆ ಇಲ್ಲ. ಹೊಸ ಜಾಲ ಸೇರಬೇಕಾದರೆ ಮೆರಿಟ್‌ಗೆ ಬರೆದು ತಿಳಿಸಿ, ಮುಂದಿನ ಸಲ ಪಟ್ಟಿ ಬದಲಾಗುವ ತನಕ ಕಾಯಬೇಕು. ತಾಲೂಕು ಕಚೇರಿಯಲ್ಲಿ ಪಹಣಿ ತಿದ್ದಿಸಿದ ಹಾಗೆ. ಜನ ಗೊಣಗುತ್ತಿದ್ದರು, ಆದರೆ ಬೆನ್ನೆಲುಬಿನ ಒಳಗೆ ಕಂಡವರ ದನ ನುಗ್ಗುತ್ತಿರಲಿಲ್ಲ.

1995ರ ಏಪ್ರಿಲ್ 30ರಂದು ಎನ್‌ಎಸ್‌ಎಫ್‌ನೆಟ್ ಬೆನ್ನೆಲುಬು ಮುಚ್ಚಿತು. ಆ ಜಾಗಕ್ಕೆ ಖಾಸಗಿ ಕಂಪನಿಗಳ ಜಾಲಗಳು ಬಂದವು. ಪಟ್ಟಿ ಪೂರ್ತಿ ಸಾಯಲಿಲ್ಲ, ಆರ್‌ಎಡಿಬಿ ಅನ್ನುವ ಹೆಸರಿನಲ್ಲಿ ಮುಂದುವರಿಯಿತು. ಆದರೆ ಅದನ್ನು ನೋಡಿಯೇ ಒಳಗೆ ಬಿಡಬೇಕು ಅನ್ನುವ ಕಡ್ಡಾಯ ಹೋಯಿತು. ಇಷ್ಟ ಇದ್ದವರು ನೋಡಲಿ, ಇಲ್ಲದವರು ಬಿಡಲಿ.

ಇನ್ನೊಂದು ತಾರೀಕು ನೋಡಿ. ಬೇಲಿ ಬಿದ್ದು ಮೂರೂವರೆ ತಿಂಗಳಿಗೆ, 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಭಾರತದ ಜನಸಾಮಾನ್ಯರಿಗೆ ಅಂತರ್ಜಾಲ ತೆರೆಯಿತು. ಮೊದಲು ದೆಹಲಿ, ಬೊಂಬಾಯಿ, ಕಲ್ಕತ್ತ, ಮದ್ರಾಸು, ಬೆಂಗಳೂರು ಆಮೇಲೆ. ಅಂದರೆ ನಾವು ಊರಿಗೆ ಬಂದದ್ದೇ ಬೇಲಿ ಕಿತ್ತ ಮೇಲೆ. ಅಷ್ಟಾದರೂ ಮೊದಲ ಮೂರು ವರ್ಷ ನಮಗೆ ಇದರ ಬಿಸಿ ತಟ್ಟಲಿಲ್ಲ, ಯಾಕೆಂದರೆ ಇಡೀ ದೇಶಕ್ಕೆ ವಿಎಸ್‌ಎನ್‌ಎಲ್ ಒಂದೇ ಹೆಬ್ಬಾಗಿಲು. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಪರವಾನಗಿ ಸಿಕ್ಕಿತು, ಒಂದಾದ ಮೇಲೊಂದು ಕಂಪನಿ ಬಂದವು. ಅಲ್ಲಿಂದ ನಮಗೂ ನೆರೆಹೊರೆ ಅಂತ ಆಯಿತು. ಮೊದಮೊದಲು ಈ ನೆರೆಹೊರೆಯವರು ಒಬ್ಬರಿಗೊಬ್ಬರು ನೇರ ಮಾತೂ ಆಡುತ್ತಿರಲಿಲ್ಲ. ಬೆಂಗಳೂರಿನ ಎರಡು ಕಂಪನಿಗಳ ಗ್ರಾಹಕರ ನಡುವಿನ ಇ-ಅಂಚೆ ವಿದೇಶ ಸುತ್ತಿ ಬರುತ್ತಿದ್ದ ಕಾಲ ಅದು. ಅದನ್ನು ತಪ್ಪಿಸಲೆಂದೇ 2003ರಲ್ಲಿ ನಿಕ್ಸಿ ಅನ್ನುವ ವಿನಿಮಯ ಕೇಂದ್ರ ಹುಟ್ಟಿದ್ದು.

ಈ ನಡುವೆ ಅಮೆರಿಕದಲ್ಲಿ ಮೊದಲ ದೊಡ್ಡ ಅನಾಹುತ ಆಗಿಹೋಗಿತ್ತು. 1997ರ ಏಪ್ರಿಲ್ 25. ಎಂಎಐ ನೆಟ್‌ವರ್ಕ್ ಸರ್ವಿಸಸ್ ಅಂತ ಒಂದು ಚಿಕ್ಕ ಕಂಪನಿ. ಅದರ ಜಾಲದ ಸಂಖ್ಯೆ 7007. (ಬಿಜಿಪಿಯಲ್ಲಿ ಪ್ರತಿ ಜಾಲಕ್ಕೂ ಎಎಸ್ ಸಂಖ್ಯೆ ಅಂತ ಒಂದು ನಂಬರ್ ಇರುತ್ತದೆ, ಮನೆ ನಂಬರ್ ಇದ್ದ ಹಾಗೆ.) ಅವರ ಒಂದು ರೌಟರ್ ಕೆಟ್ಟು ಪ್ರಪಂಚದ ದಾರಿಗಳನ್ನೆಲ್ಲ /24ರ ಚೂರು ಚೂರು ಮಾಡಿ, "ಇವೆಲ್ಲ ನಮ್ಮದೇ" ಅಂತ ಮೇಲಿನವರಿಗೆ ಹೇಳಿತು. ಮೇಲಿದ್ದದ್ದು ಸ್ಪ್ರಿಂಟ್, ದೈತ್ಯ ಕಂಪನಿ. ಅದು ನಂಬಿತು. ಆಗ ಪ್ರಪಂಚದಲ್ಲಿ ಒಟ್ಟು ಇದ್ದ ದಾರಿಗಳೇ ಐವತ್ತು ಸಾವಿರದ ಆಸುಪಾಸು. ನಿಖರವಾಗಿ ಹೇಳಿದವನೇ ಗೆಲ್ಲುತ್ತಾನೆ ಅನ್ನುವ ನಿಯಮ ಇತ್ತಲ್ಲ, ಎಲ್ಲೆಲ್ಲಿಯ ಸಂಚಾರವೋ ಆ ಚಿಕ್ಕ ಕಂಪನಿಯ ಕಡೆ ತಿರುಗಿತು. ಅವರು ಗಾಬರಿಯಾಗಿ ರೌಟರಿನ ತಂತಿಯನ್ನೇ ಕಿತ್ತುಹಾಕಿದರು. ಆದರೂ ಸುದ್ದಿ ನಿಲ್ಲಲಿಲ್ಲ. ಹೇಳಿದವನು ಬಾಯಿ ಮುಚ್ಚಿದ ಮೇಲೂ ಕೇಳಿಸಿಕೊಂಡವರು ಒಬ್ಬರಿಗೊಬ್ಬರು ಹೇಳುತ್ತಲೇ ಇದ್ದರು, ಗಂಟೆಗಟ್ಟಲೆ. ನಮ್ಮೂರಿನ ಗಾಳಿಸುದ್ದಿಯ ಸ್ವಭಾವ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ.

ಅದೇ ಕಾಲದಲ್ಲಿ ಉಣಗೋಲು ಹಾಕುವ ಸಲಕರಣೆಯೂ ಸುಧಾರಿಸಿತು. ಹಿಂದೆ ಇದಕ್ಕೆ ಬಳಸುತ್ತಿದ್ದದ್ದು ಬೇರೆ ಕೆಲಸಕ್ಕೆ ಮಾಡಿದ ಆಕ್ಸೆಸ್ ಲಿಸ್ಟ್. ವಿಳಾಸ ಹಿಡಿಯುತ್ತಿತ್ತು, ಆದರೆ ಪ್ರಿಫಿಕ್ಸ್ ಎಷ್ಟು ಉದ್ದ ಅನ್ನುವುದನ್ನು ಹೇಳಲು ಸರ್ಕಸ್ ಮಾಡಬೇಕಿತ್ತು. ತೊಂಬತ್ತರ ದಶಕದ ಕೊನೆಗೆ ಸಿಸ್ಕೋ ರೌಟರುಗಳಲ್ಲಿ ಪ್ರಿಫಿಕ್ಸ್ ಲಿಸ್ಟ್ ಬಂತು. ಪ್ರತಿ ಸಾಲಿಗೆ ಒಂದು ಕ್ರಮಸಂಖ್ಯೆ, ಬಿಡಬೇಕೋ ಬೇಡವೋ ಅನ್ನುವ ಒಂದು ಪದ, ಒಂದು ಪ್ರಿಫಿಕ್ಸ್, ಜೊತೆಗೆ "ಕನಿಷ್ಠ ಇಷ್ಟು ಉದ್ದ, ಗರಿಷ್ಠ ಇಷ್ಟು ಉದ್ದ". ಮೇಲಿನಿಂದ ಕೆಳಗೆ ಓದುತ್ತಾ ಬರುತ್ತದೆ, ಮೊದಲು ಹೊಂದಿದ ಸಾಲಿನ ಮಾತೇ ಕೊನೆ. ಯಾವ ಸಾಲಿಗೂ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಇಷ್ಟೇ. ಪಿಯುಸಿ ಹುಡುಗನೂ ಅರ್ಧ ಗಂಟೆಯಲ್ಲಿ ಕಲಿಯಬಹುದು. ಸ್ಪ್ರಿಂಟ್ ಆ ದಿನ ತನ್ನ ಗ್ರಾಹಕನಿಗೆ ಇಂಥ ನಾಲ್ಕು ಸಾಲಿನ ಕಟ್ಟುನಿಟ್ಟಾದ ಪಟ್ಟಿ ಹಾಕಿದ್ದರೆ 7007 ಅನ್ನುವ ಸಂಖ್ಯೆಯನ್ನು ಇವತ್ತು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಪಾಠ ಕಲಿತರೇ? ಹನ್ನೊಂದು ವರ್ಷ ಬಿಟ್ಟು ನೋಡೋಣ.

2008ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಸರ್ಕಾರಿ ದೂರಸಂಪರ್ಕ ಪ್ರಾಧಿಕಾರ ಯೂಟ್ಯೂಬ್ ತಡೆಹಿಡಿಯಿರಿ ಅಂತ ಆದೇಶ ಕೊಟ್ಟಿತು. ಪಾಕಿಸ್ತಾನ್ ಟೆಲಿಕಾಂನವರು ಮಾಡಿದ ಉಪಾಯ ಹೀಗೆ: ಯೂಟ್ಯೂಬಿನ ವಿಳಾಸಗಳು ನಮ್ಮಲ್ಲೇ ಇವೆ ಅಂತ ತಮ್ಮ ರೌಟರುಗಳಿಗೆ ಹೇಳುವುದು, ಬಂದ ಸಂಚಾರವನ್ನು ಹಳ್ಳಕ್ಕೆ ಚೆಲ್ಲುವುದು. ಯೂಟ್ಯೂಬ್ ಹೇಳುತ್ತಿದ್ದದ್ದು 208.65.152.0/22. ಇವರು ಅದರೊಳಗಿನ 208.65.153.0/24 ಅನ್ನು ತಮ್ಮದು ಅಂದರು. ತಮ್ಮ ಮನೆಯೊಳಗೆ ಏನು ಬೇಕಾದರೂ ಹೇಳಿಕೊಳ್ಳಲಿ, ಆದರೆ ಆ ಮಾತು ಮನೆಯಿಂದ ಹೊರಗೆ ಹೋಯಿತು. ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯೂ ಅನ್ನುವ ಮೇಲಿನ ಕಂಪನಿ ಕೇಳಿಸಿಕೊಂಡಿತು, ನಂಬಿತು, ಪ್ರಪಂಚಕ್ಕೆಲ್ಲ ಸಾರಿತು.

ನಮ್ಮ ಗಡಿಯಾರದಲ್ಲಿ ಹೇಳುವುದಾದರೆ ಫೆಬ್ರವರಿ 25ರ ರಾತ್ರಿ 12:17ಕ್ಕೆ ಇದು ಶುರು. ಪ್ರಪಂಚದ ಬಹುಪಾಲು ಜನರಿಗೆ ಯೂಟ್ಯೂಬ್ ಮಾಯ. 1:37ಕ್ಕೆ ಯೂಟ್ಯೂಬಿನವರು ತಾವೂ ಅದೇ /24 ಹೇಳಲು ಶುರು ಮಾಡಿದರು. ಈಗ ಇಬ್ಬರೂ ಸರಿಸಮ ನಿಖರ, ಹತ್ತಿರ ಇದ್ದವರ ಮಾತು ಹತ್ತಿರದವರಿಗೆ. ಸಾಲಲಿಲ್ಲ. 1:48ಕ್ಕೆ ಅದನ್ನೂ ಎರಡು ಹೋಳು ಮಾಡಿ ಎರಡು /25 ಹೇಳಿದರು. ಇಲ್ಲೊಂದು ವ್ಯಂಗ್ಯ ಇದೆ. ತುಂಬಾ ಜಾಲಗಳಲ್ಲಿ "/24ಕ್ಕಿಂತ ಚಿಕ್ಕ ಚೂರುಗಳನ್ನು ಒಳಗೆ ಬಿಡಬೇಡ" ಅನ್ನುವ ಪ್ರಿಫಿಕ್ಸ್ ಲಿಸ್ಟ್ ಇರುತ್ತದೆ, ರೌಟರಿನ ನೆನಪು ತುಂಬಿಹೋಗದಿರಲಿ ಅಂತ. ಹಾಗಾಗಿ ನಿಜವಾದ ಯಜಮಾನನ ಕೂಗು ಎಲ್ಲ ಕಡೆಗೂ ತಲುಪಲಿಲ್ಲ. ಕಳ್ಳದನಕ್ಕೆ ಇಲ್ಲದ ಉಣಗೋಲು ಗದ್ದೆಯವನಿಗೆ ಅಡ್ಡ ಬಂತು! ಕೊನೆಗೆ 2:31ರ ಹೊತ್ತಿಗೆ ಪಿಸಿಸಿಡಬ್ಲ್ಯೂ ತನ್ನ ಕಡೆಯಿಂದ ಬಾಗಿಲು ಹಾಕಿದ ಮೇಲೆಯೇ ಎಲ್ಲ ಸರಿಯಾದದ್ದು.

ಗಮನಿಸಿ, ಎರಡು ಕಾಲು ಗಂಟೆಯಲ್ಲಿ ಯೂಟ್ಯೂಬ್ (ಆಗಲೇ ಗೂಗಲ್ ಕೈಯಲ್ಲಿತ್ತು) ತನ್ನ ಅಷ್ಟು ಹಣ, ಅಷ್ಟು ಬುದ್ಧಿವಂತ ಇಂಜಿನಿಯರುಗಳನ್ನು ಇಟ್ಟುಕೊಂಡು ಪೂರ್ತಿ ಸರಿಮಾಡಲಾಗಲಿಲ್ಲ. ಸರಿಮಾಡಿದ್ದು ತಪ್ಪು ಮಾಡಿದವನ ಪಕ್ಕದ ಮನೆಯವನು. ದನ ನುಗ್ಗಿದ ಜಾಗದಲ್ಲೇ ಗಳ ಎಳೆಯಬೇಕು. ನಾಲ್ಕು ಊರಿನಾಚೆ ನಿಂತು ಹುಶ್ ಅಂದರೆ ದನಕ್ಕೆ ಕೇಳಿಸುವುದಿಲ್ಲ.

ಅದೇ 2008ರ ಆಗಸ್ಟಿನಲ್ಲಿ ಆರ್‌ಎಫ್‌ಸಿ 5292 ಪ್ರಕಟವಾಯಿತು. ಸಿಸ್ಕೋದ ಎಂಕೆ ಚೆನ್ ಮತ್ತು ಶ್ರೀಹರಿ ಸಾಂಗ್ಲಿ ಬರೆದದ್ದು. ಕಲ್ಪನೆ ಸೊಗಸಾಗಿದೆ. ನನ್ನ ಬಾಗಿಲಿನ ಪ್ರಿಫಿಕ್ಸ್ ಲಿಸ್ಟನ್ನು ನಾನು ನನ್ನ ಬಾಗಿಲಲ್ಲಿ ಹಾಕಿಕೊಳ್ಳುವ ಬದಲು ಪಕ್ಕದವನಿಗೇ ಬಿಜಿಪಿ ಮೂಲಕ ಕಳಿಸಿಕೊಡುತ್ತೇನೆ: "ಅಣ್ಣಾ, ನನಗೆ ಇಂತಿಂಥವು ಮಾತ್ರ ಬೇಕು, ಉಳಿದದ್ದನ್ನು ಕಳಿಸಲೇಬೇಡ." ಅವನು ತನ್ನ ಕಡೆಯಿಂದಲೇ ಸೋಸಿ ಕಳಿಸುತ್ತಾನೆ. ನಾನು ಲಕ್ಷಗಟ್ಟಲೆ ದಾರಿಗಳನ್ನು ತರಿಸಿಕೊಂಡು ಮನೆಯಲ್ಲಿ ಎಸೆಯುವ ಶ್ರಮ ಉಳಿಯಿತು. ಚಿಕ್ಕ ರೌಟರ್ ಇಟ್ಟುಕೊಂಡ ಸಣ್ಣ ಕಂಪನಿಗೆ ಇದು ನಿಜಕ್ಕೂ ಉಪಕಾರ, ಈಗಂತೂ ಪ್ರಪಂಚದ ದಾರಿಗಳ ಪಟ್ಟಿ ಹತ್ತು ಲಕ್ಷದ ಆಸುಪಾಸಿಗೆ ಬಂದು ನಿಂತಿದೆ. ಆದರೆ ಯೂಟ್ಯೂಬಿನ ರೋಗಕ್ಕೆ ಇದು ಮದ್ದಲ್ಲ. ಇಲ್ಲಿ ಪಟ್ಟಿ ಬರೆಯುವವನು ತನಗೆ ಬೇಡದ್ದನ್ನು ತಡೆಯುತ್ತಾನೆ, ತನ್ನಿಂದ ಬೇರೆಯವರಿಗೆ ಆಗುವ ತೊಂದರೆಯನ್ನಲ್ಲ. ತನ್ನ ಗದ್ದೆ ಕಾಯುವ ಬೇಲಿಗೆ ಜನ ದುಡ್ಡು ಹಾಕುತ್ತಾರೆ, ಆರ್‌ಎಫ್‌ಸಿಯನ್ನೂ ಬರೆಯುತ್ತಾರೆ. ಕಾಲುದಾರಿಯ ಉಣಗೋಲನ್ನು ಯಾರು ಹಾಕಬೇಕು ಅನ್ನುವುದೇ ಕಷ್ಟ.

ನಮ್ಮ ದೇಶದ ಸರದಿ ಬಂದದ್ದು 2015ರಲ್ಲಿ, ಒಂದೇ ವರ್ಷದಲ್ಲಿ ಎರಡು ಸಲ.

ಮಾರ್ಚ್ 12, ಮಧ್ಯಾಹ್ನ ಎರಡೂವರೆಯ ಹೊತ್ತು. ಹ್ಯಾಥ್‌ವೇ ಕಂಪನಿಗೂ ಗೂಗಲ್‌ಗೂ ನೇರ ಸಂಪರ್ಕ ಇತ್ತು. ಗೂಗಲ್ ಹೇಳಿದ ದಾರಿಗಳು ಹ್ಯಾಥ್‌ವೇ ಗ್ರಾಹಕರಿಗೆ ಮಾತ್ರ ಅಂತ ಲೆಕ್ಕ. ಅವುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಿಫಿಕ್ಸ್‌ಗಳನ್ನು ಹ್ಯಾಥ್‌ವೇ ತಪ್ಪಿ ತನ್ನ ಮೇಲಿನ ಏರ್‌ಟೆಲ್‌ಗೆ ಹೇಳಿಬಿಟ್ಟಿತು. ಏರ್‌ಟೆಲ್ ನಂಬಿ ಪ್ರಪಂಚಕ್ಕೆ ಹೇಳಿತು. ಯುರೋಪಿನಲ್ಲಿ ಕೂತು ಗೂಗಲ್ ಹುಡುಕುತ್ತಿದ್ದವನ ಸಂಚಾರ ಭಾರತದ ಒಂದು ಕೇಬಲ್ ಕಂಪನಿಯ ಓಣಿಗೆ ನುಗ್ಗಲು ನೋಡಿ ಸಿಕ್ಕಿಹಾಕಿಕೊಂಡಿತು. ಹೆಚ್ಚು ಹೊತ್ತು ನಡೆಯಲಿಲ್ಲ, ಸುದ್ದಿ ಮಾತ್ರ ಜೋರಾಯಿತು.

ಈ ಪ್ರಕರಣ ನನಗೆ ಮುಖ್ಯ ಅನಿಸುವುದು ಒಂದು ಕಾರಣಕ್ಕೆ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಹ್ಯಾಥ್‌ವೇ "ಗೂಗಲ್ ನನ್ನದು" ಅನ್ನಲಿಲ್ಲ, "ನನ್ನ ಮೂಲಕ ಗೂಗಲ್‌ಗೆ ಹೋಗಬಹುದು" ಅಂತಷ್ಟೇ ಅಂದದ್ದು. 2011ರಿಂದ ಆರ್‌ಪಿಕೆಐ ಅನ್ನುವ ಹೊಸ ವ್ಯವಸ್ಥೆ ಬಂದಿದೆ, ಯಾವ ಪ್ರಿಫಿಕ್ಸ್ ಯಾರದ್ದು ಅನ್ನುವುದಕ್ಕೆ ಸಹಿ ಹಾಕಿದ ಹಕ್ಕುಪತ್ರ ಇದ್ದ ಹಾಗೆ. ಬಹಳ ಒಳ್ಳೆಯದು. ಯೂಟ್ಯೂಬ್ ಪ್ರಕರಣದಂಥದ್ದನ್ನು ಅದು ಹಿಡಿಯುತ್ತದೆ. ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಹಕ್ಕುಪತ್ರ ಸರಿಯಾಗಿಯೇ ಇದೆ. ಇದನ್ನು ಹಿಡಿಯಬಲ್ಲದ್ದು ಏರ್‌ಟೆಲ್ ತನ್ನ ಗ್ರಾಹಕನ ಬಾಗಿಲಲ್ಲಿ ಹಾಕಬಹುದಾಗಿದ್ದ ಮಾಮೂಲಿ ಪಟ್ಟಿ: "ಹ್ಯಾಥ್‌ವೇಯಿಂದ ಬರಬೇಕಾದದ್ದು ಹ್ಯಾಥ್‌ವೇಯ ಮತ್ತು ಅದರ ಗ್ರಾಹಕರ ವಿಳಾಸಗಳು, ಇಷ್ಟೇ." ಹಕ್ಕುಪತ್ರ ಬಂತು ಅಂತ ಬೇಲಿ ಬೇಡ ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ.

ಎರಡನೆಯದು ನವೆಂಬರ್ 6. ಈ ಸಲ ಏರ್‌ಟೆಲ್‌ನದ್ದೇ ತಪ್ಪು. ಬೆಳಿಗ್ಗೆ ಹನ್ನೊಂದೂ ಕಾಲರ ಹೊತ್ತಿಗೆ ಬೇರೆಯವರ 16 ಸಾವಿರಕ್ಕೂ ಹೆಚ್ಚು ಪ್ರಿಫಿಕ್ಸ್‌ಗಳನ್ನು ತನ್ನದು ಅಂತ ಹೇಳಿಬಿಟ್ಟಿತು. ಎರಡು ಸಾವಿರಕ್ಕೂ ಹೆಚ್ಚು ಜಾಲಗಳ ವಿಳಾಸಗಳು ಅದರಲ್ಲಿದ್ದವು. ಕೇಳಿಸಿಕೊಂಡವರಲ್ಲಿ ಕೆಲವರು ನಂಬಿದರು, ಕೆಲವರು ನಂಬಲಿಲ್ಲ. ನಂಬದೆ ಇದ್ದವರ ಬಾಗಿಲಲ್ಲಿ ಪಟ್ಟಿ ಇತ್ತು.

ಇಷ್ಟೆಲ್ಲ ಓದಿದ ಮೇಲೆ ನೀವು ಕೇಳಬಹುದು, ನಾಲ್ಕು ಸಾಲು ಬರೆಯಲು ಇವರಿಗೆಲ್ಲ ಏನು ರೋಗ ಅಂತ. ಹೊರಗಿನಿಂದ ಹಾಗೇ ಕಾಣುತ್ತದೆ. ಒಳಗಿನದ್ದು ನಾನು ಹೇಳುತ್ತೇನೆ, ಯಾಕೆಂದರೆ ನಾನೂ ಒಮ್ಮೆ ಉಣಗೋಲು ತೆಗೆದಿಟ್ಟು ಬಂದವನೇ.

2020ರ ಮಳೆಗಾಲ. ಕೊರೊನಾ ದೆಸೆಯಿಂದ ಊರಿನಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಹೊರಗೆ ಭಂಡಿಗಡಿಯ ಮಳೆ, ಒಳಗೆ ಇನ್ವರ್ಟರ್ ಕುಂಯ್‌ಗುಟ್ಟುವ ಸದ್ದು. ಕಂಪನಿಯ ಹೆಸರು ಬೇಡ. ಒಬ್ಬ ಗ್ರಾಹಕನ ಪಟ್ಟಿ ಬರೆದವನು ನಾನೇ. ಅವನ /22 ಅನ್ನು ಅಷ್ಟಕ್ಕೇ ಸರಿಯಾಗಿ ಬರೆದಿದ್ದೆ, "ಗರಿಷ್ಠ 24ರವರೆಗೆ" ಅನ್ನುವುದನ್ನು ಸೇರಿಸಿರಲಿಲ್ಲ. ಆ ಗ್ರಾಹಕ ಒಂದು ರಾತ್ರಿ ಎರಡನೇ ಲೈನ್ ಹಾಕಿಸಿಕೊಂಡು ತನ್ನ /22 ಅನ್ನು ನಾಲ್ಕು /24 ಮಾಡಿ, ಎರಡು ಈ ಕಡೆ ಎರಡು ಆ ಕಡೆ ಹೇಳಿದ. ನನ್ನ ಪಟ್ಟಿ ನಿಷ್ಠೆಯಿಂದ ತನ್ನ ಕೆಲಸ ಮಾಡಿತು, ನಮ್ಮ ಕಡೆಯ ಎರಡನ್ನೂ ಹೊರಗೆ ನಿಲ್ಲಿಸಿತು. ಅವನ ಅರ್ಧ ಕಚೇರಿ ಕತ್ತಲೆ. ಹನ್ನೊಂದೂವರೆಗೆ ಫೋನು.

ಮೇಲಿನವರೊಬ್ಬರು ಹೇಳಿದರು, "ಸದ್ಯಕ್ಕೆ ಲಿಸ್ಟ್ ತೆಗೆದುಬಿಡಿ, ಬೆಳಿಗ್ಗೆ ಸರಿ ಮಾಡಿ ಹಾಕೋಣ." ತೆಗೆದೆ. ಎರಡು ನಿಮಿಷದಲ್ಲಿ ಎಲ್ಲ ಬಂತು, ಗ್ರಾಹಕ ಥ್ಯಾಂಕ್ಸ್ ಹೇಳಿದ. ಬೆಳಿಗ್ಗೆ ಎದ್ದಾಗ ಬೇರೆ ತುರ್ತು ಕೆಲಸ ಇತ್ತು. ಮರುದಿನ ಇನ್ನೊಂದು. ಪಟ್ಟಿ ಇದ್ದಾಗ ತಪ್ಪಾದರೆ ಅದೇ ರಾತ್ರಿ ಫೋನು ಬರುತ್ತದೆ, ನನ್ನ ಹೆಸರು ಹೇಳಿ ಬೈಯುತ್ತಾರೆ. ಪಟ್ಟಿ ಇಲ್ಲದಿದ್ದರೆ ಯಾವ ಫೋನೂ ಬರುವುದಿಲ್ಲ, ತಿಂಗಳುಗಟ್ಟಲೆ ಬರುವುದಿಲ್ಲ. ಬರುವ ದಿನ ಬಂದರೂ ಅದು ಬರುವುದು ಇನ್ಯಾರದೋ ಕಚೇರಿಗೆ, ಬಹುಶಃ ಇನ್ಯಾವುದೋ ದೇಶಕ್ಕೆ. ಅಜ್ಜಯ್ಯ ಯಾಕೆ ದಿನಾ ಕೇಳುತ್ತಿದ್ದರು ಅಂತ ನನಗೆ ಅರ್ಥವಾದದ್ದು ಆಗ. ಕೇಳುವವರು ಇಲ್ಲದಿದ್ದರೆ ಯಾರೂ ಹಾಕುವುದಿಲ್ಲ.

ಕೇಳುವ ಪ್ರಯತ್ನಗಳು ಆಗಿವೆ. 2014ರ ನವೆಂಬರಿನಲ್ಲಿ ಇಂಟರ್‌ನೆಟ್ ಸೊಸೈಟಿ ಬೆಂಬಲದಲ್ಲಿ ಮ್ಯಾನರ್ಸ್ ಅನ್ನುವ ಒಪ್ಪಂದ ಶುರುವಾಯಿತು. ಸೇರಿದವರು "ನನ್ನಿಂದ, ನನ್ನ ಗ್ರಾಹಕರಿಂದ ತಪ್ಪು ದಾರಿಯ ಸುದ್ದಿ ಹೊರಗೆ ಹೋಗದಂತೆ ನೋಡಿಕೊಳ್ಳುತ್ತೇನೆ" ಅಂತ ಮಾತು ಕೊಡಬೇಕು. 2017ರ ಜುಲೈನಲ್ಲಿ ಆರ್‌ಎಫ್‌ಸಿ 8212 ಬಂತು. ಅದು ಹೇಳುವುದು ಇಷ್ಟೇ: ಪಟ್ಟಿಯನ್ನೋ ನೀತಿಯನ್ನೋ ಸ್ಪಷ್ಟವಾಗಿ ಬರೆಯದಿದ್ದರೆ, ರೌಟರ್ ಹೊರಗಿನ ಪಕ್ಕದವನಿಂದ ಏನನ್ನೂ ಒಪ್ಪಬಾರದು, ಏನನ್ನೂ ಹೇಳಲೂ ಬಾರದು. ಏನೂ ಬರೆಯದಿದ್ದರೆ ಎಲ್ಲ ತೆರೆದಿರುವುದಲ್ಲ, ಎಲ್ಲ ಮುಚ್ಚಿರುವುದು. ಆಸ್ಟಿನ್‌ನ ಆ ಊಟದ ಮೇಜಿನಿಂದ ಈ ಒಂದು ವಾಕ್ಯಕ್ಕೆ ಬರಲು ಇಪ್ಪತ್ತೆಂಟು ವರ್ಷ ಹಿಡಿಯಿತು. ಆದರೆ ಅದೂ ಮೊದಲ ಗಳ ಹಾಕಿಸುತ್ತದೆ ಅಷ್ಟೇ. "ಎಲ್ಲವನ್ನೂ ಬಿಡು" ಅಂತ ಒಂದು ಸಾಲು ಬರೆದರೂ ನಿಯಮ ಪಾಲಿಸಿದಂತೆಯೇ ಲೆಕ್ಕ. ನಾನು ಆ ರಾತ್ರಿ ಬರೆದದ್ದೂ ಅದೇ ಸಾಲನ್ನು.

2021ರ ಏಪ್ರಿಲ್ 16, ಶುಕ್ರವಾರ, ಸಂಜೆ ಏಳು ಇಪ್ಪತ್ತರ ಹೊತ್ತು. ವೊಡಾಫೋನ್ ಐಡಿಯಾದ 55410 ಸಂಖ್ಯೆಯ ಜಾಲ ತನ್ನದಲ್ಲದ 30 ಸಾವಿರಕ್ಕೂ ಹೆಚ್ಚು ಪ್ರಿಫಿಕ್ಸ್‌ಗಳನ್ನು ತನ್ನದು ಅಂತ ಹೇಳಿತು. ಸುಮಾರು ಹತ್ತು ನಿಮಿಷ. ಅಷ್ಟರಲ್ಲೇ ಆ ಜಾಲಕ್ಕೆ ಒಳಬರುವ ಸಂಚಾರ ಹದಿಮೂರು ಪಟ್ಟು ಏರಿತ್ತು ಅಂತ ಅಳೆದವರು ಹೇಳಿದರು. ನಮ್ಮ ಕಂಪನಿಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. ಆದರೂ ಶನಿವಾರ ಬೆಳಿಗ್ಗೆ ಅದರ ವಿವರ ಓದುವಾಗ ನನಗೆ ಆ ಗ್ರಾಹಕನ ನೆನಪು ಬಂತು, ತಿಂಡಿ ಸೇರಲಿಲ್ಲ.

ಸೋಮವಾರ ಪಟ್ಟಿ ಬರೆದೆ. ಐದೇ ಸಾಲು, ಈ ಸಲ "ಗರಿಷ್ಠ 24"ನ್ನು ಮರೆಯದೆ. ರಾತ್ರಿ ಹನ್ನೆರಡಕ್ಕೆ ಹಾಕಿ, ಒಂದು ಗಂಟೆ ಪರದೆ ನೋಡುತ್ತಾ ಕೂತೆ. ಒಳಗೆ ಬರಬೇಕಾದವು ಬಂದವು. ಒಂದು ಪ್ರಿಫಿಕ್ಸ್ ಮಾತ್ರ ಹೊರಗೆ ನಿಂತಿತು. ಅದು ಆ ಗ್ರಾಹಕನದ್ದಲ್ಲ, ಅವನ ಇನ್ನೊಂದು ಲೈನಿನವರದ್ದು. ಯಾವಾಗಿನಿಂದ ನಮ್ಮ ಕಡೆ ಸೋರುತ್ತಿತ್ತು ಅಂತ ಹಿಂದಿನ ದಾಖಲೆ ತೆಗೆದು ನೋಡಿದೆ. ಐದು ತಿಂಗಳಿನಿಂದ. ಯಾರೂ ಫೋನು ಮಾಡಿರಲಿಲ್ಲ.